ಮಾಡುವವರಿಲ್ಲದ ಕ್ರಿಯಾಪದ

ಅವರು ತೀರಿಕೊಂಡ ಮರುದಿನವೇ ನಮ್ಮ ಹಳೆಯ ಸಹೋದ್ಯೋಗಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರನ್ನು ಕರ್ಮಯೋಗಿ ಮಾಡಿಬಿಟ್ಟರು. ಹಿಂದೆ ಹುಟ್ಟುವ ಸೂರ್ಯ, ಕೆಳಗೆ ಮುಗಿದ ಕೈ, ನಡುವೆ ಅವರ ಪಾಸ್‌ಪೋರ್ಟ್ ಅಳತೆಯ ಫೋಟೋ. ಫೋಟೋದಲ್ಲಿ ಅವರಿಗೆ ಸಿಟ್ಟು ಬಂದಂತಿದೆ. ತೆಗೆಯುವವನು ತಡ ಮಾಡಿರಬೇಕು. ಈ ಮನುಷ್ಯನ ಜೊತೆ ಕೆಲಸ ಮಾಡುವುದೆಂದರೆ ತಲೆನೋವು ಎಂದು ವರ್ಷಗಟ್ಟಲೆ ಗೊಣಗಿದವರೆಲ್ಲ ಅದರ ಕೆಳಗೆ ಸಾಲುಸಾಲಾಗಿ ಕೈ ಮುಗಿದಿದ್ದರು. ನಾನೂ ಮುಗಿದೆ. ಬೆರಳಿಗೆ ಅಷ್ಟು ಶ್ರಮವಾಗಲಿಲ್ಲ.

ಮುಂಬೈ ಬಳಿಯ ಡೊಂಬಿವಲಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ನಾವಿಬ್ಬರೂ ಹತ್ತೊಂಬತ್ತು ವರ್ಷ ಒಟ್ಟಿಗಿದ್ದೆವು. ನಾನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಅವರು ಮೇಂಟೆನೆನ್ಸ್‌ನಲ್ಲಿ ಫಿಟ್ಟರ್. ನಾನು ಉಡುಪಿ ಕಡೆಯವನು, ಅವರು ಧಾರವಾಡದ ಕಡೆಯವರು. ಮರಾಠಿ, ಹಿಂದಿಗಳ ನಡುವೆ ಕನ್ನಡದವರು ನಾವಿಬ್ಬರೇ ಇದ್ದುದರಿಂದ ಸ್ನೇಹವಾಯಿತು. ಊರಿನಲ್ಲಿದ್ದಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಸಹಿಸುತ್ತಿರಲಿಲ್ಲ. ಅವರು ನನ್ನನ್ನು ಹೆಸರಿನಿಂದ ಕರೆದದ್ದೇ ಇಲ್ಲ. ಮೊದಲ ದಿನದಿಂದ ನಾನು ಅವರಿಗೆ 'ಉಡುಪಿ'.

ಸ್ಟೋರ್ಸ್‌ನ ಕಿಟಕಿಗೆ ಬಂದು ಮೊಣಕೈ ಊರಿ, "ಉಡುಪಿಯವ್ರ, ಎರಡಿಂಚಿನ ವಾಲ್ವ್ ಬೇಕಾಗೇದ" ಎನ್ನುವರು. ನಾನು ರಿಜಿಸ್ಟರಿನಿಂದ ತಲೆ ಎತ್ತದೆ, "ಕೊಡುವಾ" ಎನ್ನುವೆ.

"ಯಾರು?"

"ಎಂತ ಯಾರು?"

"ಕೊಡುವಾ ಅಂದ್ರೆಲ್ಲ, ಕೊಡೋರು ಯಾರು?"

"ನಾನೇ ಮಾರಾಯ್ರೆ, ಮತ್ಯಾರು?"

"ಹಂಗಾದ್ರ ಕೊಡ್ತೀನಿ ಅನ್ರಿ. ನಮ್ಮ ಕಡೆ ಮಾಡ್ತೀನಿ ಅಂತಾರ, ಇಲ್ಲಾ ಮಾಡಂಗಿಲ್ಲ ಅಂತಾರ. ನಿಮ್ಮದೇನ್ರೀ ಇದು, ಮಾಡುವಾ, ನೋಡುವಾ, ಕೊಡುವಾ? ನಿಮ್ಮೂರಿನ ಕ್ರಿಯಾಪದಕ್ಕ ಮಾಡೋರೇ ಇಲ್ಲಲ್ರೀ!"

ಇದು ವಾರಕ್ಕೆರಡು ಸಲ ನಡೆಯುತ್ತಿತ್ತು. ಮೊದಮೊದಲು ನನಗೆ ನಗು ಬರುತ್ತಿತ್ತು, ಆಮೇಲೆ ರೇಗುತ್ತಿತ್ತು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆಯ 'ಮಾಡುವಾ'ಕ್ಕೆ ಮೇಲುನೋಟಕ್ಕೆ 'ನಾವು ಮಾಡೋಣ' ಎಂದೇ ಅರ್ಥ. ಆದರೆ ಎಷ್ಟೋ ಸಲ ಅದು ಮರ್ಯಾದಸ್ಥರ 'ಇಲ್ಲ'. ಮುಖದೆದುರು ಇಲ್ಲ ಎನ್ನಲು ಸಂಕೋಚ, ಹೌದು ಎನ್ನಲು ಹೆದರಿಕೆ, ಎರಡಕ್ಕೂ ಸೇರಿ ಒಂದೇ ಮಾತು. ಉಡುಪಿಯವನಿಗೆ ಉಡುಪಿಯವನು ಹೇಳಿದರೆ ಧ್ವನಿಯಲ್ಲೇ ತಿಳಿಯುತ್ತದೆ, ಯಾರೂ ಕಾಯುತ್ತಾ ಕೂರುವುದಿಲ್ಲ. ಹೊರಗಿನವರಿಗೆ ಹೇಳಿದಾಗಲೇ ಫಜೀತಿ.

ಅವರ ಪ್ಯಾಂಟಿನ ಬಲಗಡೆಯ ಜೇಬಿನಲ್ಲಿ ಯಾವಾಗಲೂ ನಾಲ್ಕಾರು ವಾಷರ್, ಒಂದು ಸುರುಳಿ ಟೆಫ್ಲಾನ್ ಟೇಪು ಇರುತ್ತಿತ್ತು. ಮದುವೆಮನೆಗೂ ಹಾಗೆಯೇ ಬರುತ್ತಿದ್ದರು. ಯಾರ ಮನೆಗೆ ಹೋದರೂ ಸೋರುವ ನಲ್ಲಿ ಅವರ ಕಿವಿಗೆ ಬೀಳುತ್ತಿತ್ತು. ಒಮ್ಮೆ ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ ಬೆಂಗಳೂರಿನಿಂದ ಬಂದ ಒಬ್ಬರ ಉಪನ್ಯಾಸವಿತ್ತು, ವಿಷಯ 'ಸಾರ್ಥಕ ಬದುಕಿನ ಸೂತ್ರಗಳು'. ಮೂರನೆಯ ಸೂತ್ರಕ್ಕೆ ಬರುವಷ್ಟರಲ್ಲಿ ಪಕ್ಕದ ಬಾತ್‌ರೂಮಿನಿಂದ ಸ್ಪ್ಯಾನರಿನಿಂದ ಕುಟ್ಟುವ ಸದ್ದು ಶುರುವಾಯಿತು. ಉಪನ್ಯಾಸಕರು ನಿಲ್ಲಿಸಿದರು, ಸದ್ದು ನಿಲ್ಲಲಿಲ್ಲ. ಕಾರ್ಯದರ್ಶಿಗಳು ಓಡಿಹೋಗಿ, "ಭಾಷಣ ಮುಗಿದ ಮೇಲೆ ಮಾಡಬಹುದಿತ್ತಲ್ಲ ಸ್ವಾಮೀ" ಎಂದರೆ ಇವರು ಒದ್ದೆ ತೋಳು ಒರೆಸಿಕೊಳ್ಳುತ್ತಾ, "ಭಾಷಣ ಮುಗಿದ ಮ್ಯಾಲೆ ಊಟ ಅದ ಅಂದಿದ್ರೆಲ್ರೀ" ಎಂದರು.

ಉಪನ್ಯಾಸಕರು ಹೇಳಿದ ಏಳು ಸೂತ್ರಗಳಲ್ಲಿ ಒಂದೂ ನನಗೆ ನೆನಪಿಲ್ಲ. ಇವರು ಕಿಟಕಿಯಲ್ಲಿ ನಿಂತು ಅಂದದ್ದು ಮಾತ್ರ ಬೇಡವೆಂದರೂ ನೆನಪಿಗೆ ಬರುತ್ತದೆ. "ಕೆಲಸ ಸಣ್ಣದಿದ್ದಾಗ ಒಬ್ಬ ಸಾಕು, ದೊಡ್ಡದಾತಂದ್ರ ಅದಕ್ಕ ಕಮಿಟಿ ಬೇಕು." ಇದು ಅವರಿಗೆ ಬಹಳ ಇಷ್ಟದ ಮಾತು, ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ಇನ್ನೊಂದನ್ನು ಒಂದೇ ಸಲ ಹೇಳಿದ್ದು. ಏನೋ ಒಂದು ತೀರ್ಮಾನಿಸಲಾಗದೆ ನಾನು ಒದ್ದಾಡುತ್ತಿದ್ದೆ. ಮನಸ್ಸು ಏನು ಹೇಳುತ್ತದೋ ಹಾಗೆ ಮಾಡುವಾ ಎಂದೆ. "ಮನಸ್ಸಿಗೆ ಕೇಳಬ್ಯಾಡ್ರೀ, ಅದು ಯಾವಾಗಲೂ ಮ್ಯಾನೇಜ್‌ಮೆಂಟ್ ಕಡೆ ಇರ್ತದ. ಕೈಗೆ ಕೇಳ್ರಿ" ಎಂದರು. ನಾನು ಆಗ ಅದನ್ನು ತಮಾಷೆ ಎಂದುಕೊಂಡೆ.

ಅವರನ್ನು ದೇವರು ಮಾಡುವ ಉದ್ದೇಶ ನನಗಿಲ್ಲ. ಆ ಕೆಲಸಕ್ಕೆ ಗುಂಪಿನವರಿದ್ದಾರೆ. ಅವಸರದಲ್ಲಿ ಅವರು ಕೆಡಿಸಿದ್ದೂ ಕಡಿಮೆಯಲ್ಲ. ನಮ್ಮ ಮನೆಯ ಮಿಕ್ಸರನ್ನು ಕೇಳದೆಯೇ ಬಿಚ್ಚಿ, ಜೋಡಿಸಿ, ಸ್ವಿಚ್ ಹಾಕಿ ಸುಟ್ಟರು. ನನ್ನ ಹೆಂಡತಿ ವರ್ಷವಿಡೀ ಅದರ ಮಾತಾಡಿದಳು. ರೈಲಿನಲ್ಲಿ ಸಣ್ಣ ಮಾತಿಗೆ ಜಗಳ ತೆಗೆಯುವರು. ಹಲ್ಲು ನೋಯುತ್ತದೆ ಎಂದವನನ್ನು ಆ ಕ್ಷಣವೇ ಎಳೆದುಕೊಂಡು ಹೋಗಿ ಕೀಳಿಸಿಬಿಡುವ ಜಾತಿ. ಇನ್ನೊಬ್ಬರಿಗೂ ಯೋಚಿಸಲು ಒಂದು ದಿನ ಬೇಕಾಗಬಹುದು ಎಂಬುದು ಅವರಿಗೆ ತಿಳಿಯುತ್ತಲೇ ಇರಲಿಲ್ಲ.

ಆದರೆ ಇದನ್ನೂ ಹೇಳಬೇಕು. ನನ್ನ ಅಮ್ಮ ಒಂದು ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದಳು. ನಾನು ಹಾಲ್‌ನಲ್ಲಿ ನಿಂತು, ಯಾವ ಡಾಕ್ಟರು ಒಳ್ಳೆಯವರು, ಕಲ್ಯಾಣದ ಆಸ್ಪತ್ರೆಗೆ ಒಯ್ಯುವುದೋ ಠಾಣೆ ನಗರಕ್ಕೋ ಎಂದು ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳುತ್ತಿದ್ದೆ. ಮೂರನೆಯ ಫೋನು ಇವರಿಗೆ. ಉತ್ತರ ಕೊಡದೆ ಇಟ್ಟರು. ನಾನು ಐದನೆಯ ಫೋನಿನಲ್ಲಿದ್ದಾಗ ಬಂದರು, ಪಕ್ಕದ ಮನೆಯವರನ್ನು ಕರೆದರು, ಅಮ್ಮನನ್ನು ಕುರ್ಚಿ ಸಮೇತ ಎತ್ತಿ ಮೂರು ಮಹಡಿ ಇಳಿಸಿದರು. ಲಿಫ್ಟ್ ಕೆಟ್ಟಿತ್ತು. ಅಮ್ಮ ಆಮೇಲೆ ಆರು ವರ್ಷ ಬದುಕಿ ನಡೆದಾಡಿದಳು. ಯಾರು ಬಂದರೂ, "ನನ್ನನ್ನು ಇಳಿಸಿದ್ದು ಆ ಧಾರವಾಡದ ಮಗ" ಎನ್ನುತ್ತಿದ್ದಳು. ನಾನು ಅಲ್ಲೇ ಇರುತ್ತಿದ್ದೆ.

ಈಗ ಬರೆಯಬೇಕಾದದ್ದಕ್ಕೆ ಬರುತ್ತೇನೆ.

ಒಂಬತ್ತು ವರ್ಷದ ಹಿಂದಿನ ಮಾತು. ಸಾಲ್ವೆಂಟ್ ಪಂಪಿನ ಪೈಪ್ ಜೋಡಣೆಯಲ್ಲಿ, ಸೋರದಂತೆ ನಡುವೆ ಹಾಕುವ ಒಂದು ಗ್ಯಾಸ್ಕೆಟ್ ಹಳತಾಗಿತ್ತು. ಹೊಸದು ಬೇಕೆಂದು ಅವರು ಎಂಟು ದಿನದಿಂದ ಕಿಟಕಿಗೆ ಬರುತ್ತಿದ್ದರು. ಆ ಅಳತೆಯದು ಸ್ಟೋರ್ಸ್‌ನಲ್ಲಿ ಮುಗಿದಿತ್ತು. ತರಿಸಬೇಕಾದರೆ ನಾನೊಂದು ಚೀಟಿ ಬರೆದು ಪರ್ಚೇಸ್‌ನವರಿಗೆ ಕೊಟ್ಟರೆ ಸಾಕಿತ್ತು. "ತರಿಸುವಾ" ಎಂದೆ. ಮರುದಿನವೂ "ತರಿಸುವಾ" ಎಂದೆ. ಎಂಟನೆಯ ದಿನ ಮಧ್ಯಾಹ್ನ ಊಟವಾದ ಮೇಲೆ, ಅಳತೆ ಸರಿಯಾಗಿ ನೋಡಿಕೊಂಡೇ ಚೀಟಿ ಬರೆಯುವಾ ಎಂದು ನಾನೇ ಪ್ಲಾಂಟಿಗೆ ಹೋದೆ. ಪಂಪಿನ ಕೆಳಗೆ ನೆಲ ಒದ್ದೆಯಾಗಿತ್ತು. ಕಣ್ಣು ಉರಿಯಲಾರಂಭಿಸಿತು, ಗಂಟಲು ಕಟ್ಟಿತು. ಹತ್ತು ಹೆಜ್ಜೆ ಆಚೆಗೆ ಯಾರೋ ವೆಲ್ಡಿಂಗ್ ಸಾಮಾನು ತಂದು ಇಡುತ್ತಿದ್ದರು. ಒಂದು ಕಿಡಿ ಹಾರಿದ್ದರೆ ಸಾಕಿತ್ತು. ನಾನು ಸೂಪರ್‌ವೈಸರನ್ನು ಹುಡುಕುವುದೋ, ಫೋನ್ ಮಾಡುವುದೋ ಎಂದು ನೋಡುತ್ತಿದ್ದೆ. ಇವರು ಎಲ್ಲಿಂದಲೋ ಓಡಿ ಬಂದವರೇ ನನ್ನನ್ನು ಬದಿಗೆ ತಳ್ಳಿ ಸ್ಟಾಪ್ ಬಟನ್ ಒತ್ತಿದರು. ಇಡೀ ಲೈನ್ ನಿಂತಿತು. ರಿಯಾಕ್ಟರಿನಲ್ಲಿ ತಯಾರಾಗುತ್ತಿದ್ದ ಇಡೀ ಬ್ಯಾಚ್ ಮಾಲು ಕೆಟ್ಟುಹೋಯಿತು.

ಸಂಜೆಯೊಳಗೆ ಕಂಪನಿಯವರು ಎಲ್ಲಿಂದಲೋ ಗ್ಯಾಸ್ಕೆಟ್ ತರಿಸಿ ಹಾಕಿಸಿದರು, ನೆಲ ತೊಳೆಸಿದರು. ಮಾರನೆಯ ವಾರ ಇವರಿಗೆ ಕಂಪನಿಯಿಂದ ಚಾರ್ಜ್‌ಶೀಟ್ ಬಂತು. ಅನುಮತಿಯಿಲ್ಲದೆ ಪ್ಲಾಂಟ್ ನಿಲ್ಲಿಸಿದ್ದು, ಬ್ಯಾಚ್ ಹಾಳು ಮಾಡಿದ್ದು. ಸೋರಿಕೆ ಏನೂ ಇರಲಿಲ್ಲವಂತೆ. ಕೆಲಸದಿಂದ ಅಮಾನತು. ಠಾಣೆ ನಗರದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಎನ್‌ಕ್ವೈರಿ ಎಂದು ಹೇಳಿದರು. ಇವರಿಗೆ ಆಗ ಐವತ್ತೊಂದು. ಆ ವಯಸ್ಸಿನಲ್ಲಿ ಈ ಹಣೆಪಟ್ಟಿ ಅಂಟಿದರೆ ಎಂಐಡಿಸಿಯಲ್ಲಿ ಇನ್ನೊಂದು ಗೇಟು ತೆರೆಯುವುದಿಲ್ಲ. ಸೋರಿದ್ದನ್ನು ಕಣ್ಣಾರೆ ಕಂಡವರು ಇಬ್ಬರೇ: ನಾನು, ಮತ್ತು ವೆಲ್ಡಿಂಗ್ ಸಾಮಾನು ತಂದಿದ್ದ ಒಬ್ಬ ಗುತ್ತಿಗೆ ಕೆಲಸಗಾರ, ಬಿಹಾರದವನು, ಮೂರು ಮಕ್ಕಳ ತಂದೆ.

ಅವರು ಚಾರ್ಜ್‌ಶೀಟಿಗೆ ಬರೆದ ಉತ್ತರವನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿಕೊಟ್ಟವನು ನಾನು. ಎಂಟು ದಿನ ಗ್ಯಾಸ್ಕೆಟ್ ಕೇಳಿದ್ದರ ಬಗ್ಗೆ ಅದರಲ್ಲಿ ಒಂದು ಅಕ್ಷರ ಇರಲಿಲ್ಲ. ಬರೆದಿದ್ದರೆ ಅವರ ಕೇಸು ಗಟ್ಟಿಯಾಗುತ್ತಿತ್ತು, ನನ್ನ ಕೆಲಸಕ್ಕೆ ಕುತ್ತು ಬರುತ್ತಿತ್ತು. ಯಾಕೆ ಬರೆಯಲಿಲ್ಲ ಎಂದು ನಾನು ಕೇಳಲಿಲ್ಲ. ಕೇಳಿದರೆ ಬರೆದುಬಿಡುತ್ತಾರೇನೋ ಎಂಬ ಹೆದರಿಕೆ. ಹಾಳೆಯನ್ನು ಮಡಚಿ ಜೇಬಿಗಿಡುತ್ತಾ ಅವರು, "ಗುರುವಾರ ಹನ್ನೊಂದಕ್ಕ ಠಾಣೆಕ್ಕ ಹೋಗಿ ನೀವು ಕಂಡದ್ದಷ್ಟು ಹೇಳಿದ್ರ ಸಾಕು. ಬರ್ತೀರಲ್ಲ?" ಎಂದರು.

"ಹೋಗುವಾ, ಹೋಗುವಾ" ಎಂದೆ.

ನಾನು ಕಾದೆ. ಯಾರು ಎಂದು ಕೇಳಲಿ ಎಂದು ಕಾದೆ. ಕೇಳಿದ್ದರೆ ಏನೋ ಒಂದು ಇತ್ಯರ್ಥವಾಗುತ್ತಿತ್ತು. ಬರುತ್ತೇನೆ ಎನ್ನಬೇಕಾಗುತ್ತಿತ್ತು, ಇಲ್ಲವೇ ಬರುವುದಿಲ್ಲ ಎನ್ನಬೇಕಾಗುತ್ತಿತ್ತು. ಹತ್ತೊಂಬತ್ತು ವರ್ಷ ಆ ಮಾತನ್ನು ಒಂದು ದಿನವೂ ಸುಮ್ಮನೆ ಬಿಡದ ಮನುಷ್ಯ ಅಂದು ಬಿಟ್ಟರು. "ಆತು ಮತ್ತ, ಇಬ್ಬರೂ ಕೂಡೇ ಹೋಗೋಣು" ಎಂದು ನನ್ನ ಕೈ ಹಿಡಿದು ಅಲ್ಲಾಡಿಸಿದರು. ಅವರಿಗೆ ಆ 'ಹೋಗುವಾ' ಬೇಕಾಗಿತ್ತು. ಬೇಕಾಗಿದ್ದವನು ವ್ಯಾಕರಣ ನೋಡುವುದಿಲ್ಲ ಎಂದು ನನಗೆ ಅಂದೇ ಅರ್ಥವಾಯಿತು. ಅರ್ಥವಾಗಿಯೂ ಸುಮ್ಮನಿದ್ದೆ.

ಮಂಗಳವಾರ ಮ್ಯಾನೇಜರ್ ನನ್ನನ್ನು ಕರೆದು ಚಹಾ ಕುಡಿಸಿದ. ಹೆದರಿಸಲಿಲ್ಲ, ಆ ಗೌರವವೂ ನನಗೆ ಸಿಗಲಿಲ್ಲ. ನೀನು ಸಾಕ್ಷಿಗೆ ಹೋದರೆ ಗ್ಯಾಸ್ಕೆಟಿನ ಮಾತೂ ಬರುತ್ತದಲ್ಲ, ನೋಡಿಕೋ ಎಂದ, ಅಷ್ಟೇ. ಬುಧವಾರ ಇವರ ಫೋನು. ಒಟ್ಟಿಗೇ ಹೋಗೋಣ, ಸ್ಟೇಷನ್ನಿಗೆ ಬನ್ನಿ ಎಂದರು. ನನಗೆ ಬ್ಯಾಂಕಿನಲ್ಲಿ ಕೆಲಸವಿದೆ, ನೀವು ಮುಂದೆ ಹೋಗಿ, ನಾನು ನೇರ ಅಲ್ಲಿಗೆ ಬರುತ್ತೇನೆ ಎಂದೆ. ಹೌದು, 'ಬರುತ್ತೇನೆ' ಎಂದೇ ಅಂದೆ. ಸುಳ್ಳು ಹೇಳುವಾಗ ನನ್ನ ಕ್ರಿಯಾಪದ ಸರಿಯಾಯಿತು.

ಗುರುವಾರ ನಾನು ಮನೆಯಲ್ಲಿ ಕುಳಿತಿದ್ದೆ ಎಂದುಕೊಳ್ಳಬೇಡಿ. ಹಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ರಜೆ ಹಾಕಿದ್ದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ, ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಹತ್ತೂಕಾಲಿಗೆಲ್ಲ ಠಾಣೆಯಲ್ಲಿ ಇಳಿದಿದ್ದೆ. ವಕೀಲರ ಆಫೀಸು ಸ್ಟೇಷನ್ನಿನಿಂದ ನಡೆದರೆ ಎಂಟು ನಿಮಿಷ. ದಾರಿಯಲ್ಲಿ ಒಂದು ಉಡುಪಿ ಹೋಟೆಲು. ಒಂದು ಕಾಫಿ ಕುಡಿದು ಹೋಗುವಾ ಎಂದು ಒಳಗೆ ಹೋದೆ. ಕೌಂಟರಿನಲ್ಲಿದ್ದವರು ನಮ್ಮ ಕಡೆಯವರೇ, ತುಳುವಿನಲ್ಲಿ ಊರು ಕೇಳಿದರು, ಮಾತಾಡಿದೆವು. ಹನ್ನೊಂದಾಯಿತು. ಈಗ ಹೋದರೆ ತಡವಾಗಿ ಬಂದೆ ಎನ್ನುತ್ತಾರೆ, ಸ್ವಲ್ಪ ಬಿಟ್ಟು ಹೋಗುವಾ ಎಂದುಕೊಂಡೆ. ಹನ್ನೊಂದೂವರೆಗೆ ಜೇಬಿನಲ್ಲಿ ಫೋನು ಅಲ್ಲಾಡಿತು. ಅವರದೇ. ನಿಂತ ಮೇಲೆ ಮತ್ತೆ ಅಲ್ಲಾಡಿತು. ಮೂರನೆಯ ಸಲ ಅಲ್ಲಾಡಲಿಲ್ಲ. ಇನ್ನೊಂದು ಕಾಫಿ ತರಿಸಿದೆ, ಕುಡಿದೆ, ಒಂದು ಗಂಟೆಗೆ ಎದ್ದು ಸ್ಟೇಷನ್ನಿಗೆ ನಡೆದು ಡೊಂಬಿವಲಿಯ ಗಾಡಿ ಹತ್ತಿದೆ.

ಅಲ್ಲಿ ಏನಾಯಿತು ಎಂಬುದನ್ನು ಆ ಬಿಹಾರದವನು ವಕೀಲರ ಆಫೀಸಿನ ಜವಾನನಿಂದ ತಿಳಿದು ಆಮೇಲೆ ನನಗೆ ಹೇಳಿದ. ಅವನು ಸಾಕ್ಷಿ ಹೇಳಲು ತಯಾರಿದ್ದನಂತೆ. ಇವರೇ ಬೇಡ ಎಂದರಂತೆ: ನೀನು ಬಂದರೆ ನಾಳೆಯೇ ತೆಗೆದುಹಾಕುತ್ತಾರೆ, ನನಗೆ ಉಡುಪಿಯ ಸಾಹೇಬರಿದ್ದಾರೆ, ಅವರೊಬ್ಬರೇ ಸಾಕು. ಒಂದು ಗಂಟೆಯವರೆಗೆ ಸಮಯ ಕೇಳಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರಂತೆ. ಸಾಕ್ಷಿ ಇಲ್ಲ ಎಂದು ಬರೆದುಕೊಂಡು ಎನ್‌ಕ್ವೈರಿ ಮುಗಿಸಿದರು. ತಿಂಗಳೊಳಗೆ ಅವರನ್ನು ಕೆಲಸದಿಂದ ತೆಗೆದರು. ಲೇಬರ್ ಕೋರ್ಟಿಗೆ ಅವರು ಹೋಗಲಿಲ್ಲ. ಹೋಗಬೇಕಾದರೂ ಸಾಕ್ಷಿ ಬೇಕಲ್ಲ.

ಡೊಂಬಿವಲಿಯ ಮನೆ ಬಿಟ್ಟು ಟಿಟ್ವಾಳಾಕ್ಕೆ ಹೋದರು. ಅಲ್ಲಿಂದ ಕಲ್ಯಾಣದವರೆಗಿನ ಹೌಸಿಂಗ್ ಸೊಸೈಟಿಗಳ ನೀರಿನ ಪಂಪು ರಿಪೇರಿ ಮಾಡುತ್ತಿದ್ದರು. ನಾನು ಸ್ಟೋರ್ಸ್‌ನಲ್ಲೇ ಇದ್ದೆ, ಸಕಾಲಕ್ಕೆ ನಿವೃತ್ತನಾದೆ, ಶಾಲು ಹೊದೆಸಿ ಗಡಿಯಾರ ಕೊಟ್ಟರು. ಭಾಷಣ ಮಾಡಿದವರು ಮೂವತ್ತು ವರ್ಷದಲ್ಲಿ ನನ್ನ ಮೇಲೆ ಒಂದು ದೂರೂ ಇಲ್ಲ ಎಂದರು. ಅದು ನಿಜ. ಏನೂ ಮಾಡದವನ ಮೇಲೆ ಯಾರು ಏನೆಂದು ದೂರು ಕೊಡುತ್ತಾರೆ?

ನಡುವೆ ಒಂದೇ ಸಲ ಭೇಟಿ. ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ, ಹೆಗಲಿಗೆ ಉಪಕರಣದ ಚೀಲ ಹಾಕಿಕೊಂಡು ಎದುರಿಗೇ ಬಂದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದೂ ಅಂದುಕೊಂಡೆ. ನನ್ನ ತಾಯಿಯ ಆರೋಗ್ಯ ವಿಚಾರಿಸಿದರು. ತೀರಿಕೊಂಡು ವರ್ಷವಾಯಿತು ಎಂದೆ. "ನನಗ ತಿಳಿಸಬೇಕಿತ್ತಲ್ರೀ" ಎಂದರು. ಆ ಗುರುವಾರದ ಬಗ್ಗೆ ಹೇಳಬೇಕೆಂದು ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿ, "ಬಿಡ್ರೀ, ಆಗಿಹೋದದ್ದು ರಿಪೇರಿ ಆಗಂಗಿಲ್ಲ. ಮುಂದಿಂದು ಏನರ ಇದ್ರ ಮಾಡ್ರಿ" ಎಂದು ಟಿಟ್ವಾಳಾ ಗಾಡಿಗೆ ಇಳಿದುಹೋದರು. ಮುಂದಿನದು ಎಂದರೆ ಏನು ಎಂದು ನಾನು ಯೋಚಿಸುತ್ತಾ ನಿಂತೆ. ಯೋಚಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಅವರ ಹೆಂಡತಿ ಮೊದಲೇ ಹೋಗಿದ್ದರು. ಉಳಿದವಳು ಒಬ್ಬಳೇ ಮಗಳು. ನವಿ ಮುಂಬೈಯಲ್ಲಿ ಕೆಲಸ. ಇಲ್ಲೇ ಹುಟ್ಟಿದವಳು, ಮರಾಠಿ ಶಾಲೆ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಸುದ್ದಿ ತಿಳಿದು ನಾನು ಟಿಟ್ವಾಳಾಕ್ಕೆ ಹೋದೆ. ಈ ಸಲ ದಾರಿಯಲ್ಲಿ ಎಲ್ಲೂ ಕೂರಲಿಲ್ಲ. ಬಾಗಿಲಲ್ಲಿ ಹೆಸರು ಹೇಳಿದರೆ ಗುರುತಾಗಲಿಲ್ಲ. "ಉಡುಪಿ" ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

"ಉಡುಪಿ ಅಂಕಲ್! ಬಾಬಾ ಹಮೇಶಾ ಬೋಲ್ತೇ ಥೇ, ಪೂರೀ ಕಂಪನಿ ಮೇ ಏಕ್ ಹೀ ಆದ್ಮೀ ಮೇರೇ ಲಿಯೇ ಖಡಾ ಥಾ. ಉಸ್ ದಿನ್ ಆಪ್‌ಕೋ ಜೋರ್ ಕಾ ಬುಖಾರ್ ಥಾ ನಾ?" ಇಡೀ ಕಂಪನಿಯಲ್ಲಿ ತನ್ನ ಪರ ನಿಂತವನು ಒಬ್ಬನೇ ಎಂದು ಅವಳ ಅಪ್ಪ ಯಾವಾಗಲೂ ಹೇಳುತ್ತಿದ್ದರಂತೆ, ಆ ದಿನ ನನಗೆ ಜೋರು ಜ್ವರವಿತ್ತಂತೆ.

ಎನ್‌ಕ್ವೈರಿಯ ದಿನ ಮನೆಗೆ ಹೋಗಿ ಅವರು ಹೆಂಡತಿ ಮಗಳಿಗೆ ಹೇಳಿದ್ದು ಇದು: ಉಡುಪಿಗೆ ವಿಪರೀತ ಜ್ವರ, ಎದ್ದು ನಿಲ್ಲಲೂ ಆಗುತ್ತಿರಲಿಲ್ಲ, ಇಲ್ಲವಾದರೆ ಬಂದೇ ಬರುತ್ತಿದ್ದ. ಯಾಕೆ ಹೇಳಿದರೋ ನನಗೆ ಗೊತ್ತಿಲ್ಲ. ನನ್ನ ಮರ್ಯಾದೆ ಉಳಿಸಲೋ, ನನ್ನನ್ನು ನಂಬಿದ ತಮ್ಮ ಮರ್ಯಾದೆ ಉಳಿಸಲೋ. ಯಾರೂ ಬರಲಿಲ್ಲ ಎಂಬುದನ್ನು ಹೊತ್ತು ಬದುಕುವುದಕ್ಕಿಂತ ಬರುವವನಿದ್ದ ಎಂಬ ಸುಳ್ಳಿನ ಜೊತೆ ಬದುಕುವುದು ಮನೆಯವರಿಗೆ ಸುಲಭವೆಂದು ಆ ಕ್ಷಣವೇ ತೀರ್ಮಾನಿಸಿ ಮಾಡಿ ಮುಗಿಸಿರಬೇಕು. ಎಲ್ಲ ಕೆಲಸದ ಹಾಗೆಯೇ.

ಅವಳು ನನ್ನ ಮುಖ ನೋಡುತ್ತಿದ್ದಳು. ಅಪ್ಪನಿಗೆ ಕೊಡಲಾಗದ ಸಾಕ್ಷಿಯನ್ನು ಮಗಳಿಗಾದರೂ ಕೊಡಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಿಜ ಹೇಳಿದರೆ ಅವಳ ಅಪ್ಪ ಎಂಥವರು ಎಂಬುದು ಪೂರ್ತಿ ತಿಳಿಯುತ್ತಿತ್ತು. ನನಗೂ ಅದು ತಿಳಿದಿತ್ತು.

"ಹೌದಮ್ಮ, ತುಂಬ ಜ್ವರ ಇತ್ತು" ಎಂದೆ.

ಅವಳು ಒಳಗೆ ಹೋಗಿ ನನಗೆ ನೀರು ತಂದಳು. ಕುಡಿದೆ.

ಹದಿಮೂರನೆಯ ದಿನದ ಕಾರ್ಯ ಕಳೆದ ಮೇಲೆ ಸಂಘದವರು ಮಾಸಪತ್ರಿಕೆಗೆ ಅವರ ಬಗ್ಗೆ ಎರಡು ಪುಟ ಬರೆದುಕೊಡಿ, ಹತ್ತಿರದಿಂದ ಕಂಡವರು ನೀವೇ ಎಂದರು. ಅದೇ ದಿನ ಕುಳಿತು ಬರೆಯಲು ಶುರುಮಾಡಿದೆ. ನನ್ನ ಪಾಲಿಗೆ ಇದೂ ಒಂದು ಸಾಹಸವೇ. ಅಚ್ಚಾದ ಮೇಲೆ ಮಗಳಿಗೂ ಒಂದು ಪ್ರತಿ ಕಳಿಸುತ್ತಾರಂತೆ. ಅವಳು ಅಪ್ಪನ ಫೋಟೋ ನೋಡುತ್ತಾಳೆ, ಇಷ್ಟುದ್ದ ಬರೆದದ್ದು ಉಡುಪಿ ಅಂಕಲ್ ಎಂದು ಯಾರಿಂದಲೋ ತಿಳಿದು ಫೋನ್ ಮಾಡಿ ಥ್ಯಾಂಕ್ಸ್ ಹೇಳುತ್ತಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಇಷ್ಟನ್ನೂ ಬರೆದಿದ್ದೇನೆ.